ತಟ್ಟೆಯಲ್ಲಿ ಸೊಪ್ಪು: ಹಾಸು ಯಾವುದಿರಬೇಕು?



ನವರಾತ್ರಿಯಲ್ಲಿ ಘಟ ಸ್ಥಾಪಿಸುವ ಮನೆಗಳವರಿಗೆ ಈ ಪಾಠದ ಅರ್ಧಭಾಗ ಆಗಲೇ ಗೊತ್ತಿದೆ. ಹೊಲದ ಮಣ್ಣು ತಂದು ಹರಡಿ, ಧಾನ್ಯ ಚೆಲ್ಲಿ, ನಡುವೆ ಘಟ ಇಟ್ಟು, ದಿನಾ ಒಂದಿಷ್ಟು ನೀರು ಚಿಮುಕಿಸಿದರೆ ಒಂಬತ್ತನೆಯ ದಿನಕ್ಕೆ ಪೈರು ಎದ್ದು ನಿಂತಿರುತ್ತದೆ. ಮದುವೆ ಮನೆಯ ಅಂಕುರಾರ್ಪಣೆಯ ಪಾಲಿಕೆಗಳಲ್ಲಿ ಆಗುವುದೂ ಇದೇ. ದೇವರ ಕೋಣೆಯ ಮಬ್ಬಿನಲ್ಲಿ ಬೆಳೆದ ಪೈರು ಹಳದಿಯಾಗಿರುತ್ತದೆ. ನಾಲ್ಕು ದಿನ ಮೊದಲೇ ಅದನ್ನು ಬೆಳಕಿಗೆ ತಂದಿಟ್ಟಿದ್ದರೆ ಹಸಿರಾಗುತ್ತಿತ್ತು. ಪೇಟೆಯಲ್ಲಿ ಈಗ ಮೈಕ್ರೋಗ್ರೀನ್ಸ್ ಎಂದು ಪುಟ್ಟ ಡಬ್ಬಿಗಳಲ್ಲಿ ಮಾರುತ್ತಿರುವುದು ಹೆಚ್ಚುಕಡಿಮೆ ಇದನ್ನೇ. ಬೀಜ ಮೊಳೆತು ಎರಡು ಬೀಜದೆಲೆ ಬಿಚ್ಚಿ, ಮೊದಲ ನಿಜವಾದ ಎಲೆ ಇಣುಕುವ ಹೊತ್ತಿಗೆ ಬುಡದಿಂದ ಕತ್ತರಿಸಿ ತಿನ್ನುವ ಎಳೆಸೊಪ್ಪು ಅದು.

ಹಾಲಿನ ಪತ್ರಿಕೆಯಲ್ಲಿ ಸೊಪ್ಪಿನ ಪಾಠ ಯಾಕೆ ಎಂದು ಕೇಳಬಹುದು. ನೀರಾವರಿ ಇರುವ ಹತ್ತು ಗುಂಟೆಯನ್ನೂ ನೇಪಿಯರ್ ಹುಲ್ಲಿಗೆ, ಮೆಕ್ಕೆಜೋಳಕ್ಕೆ ಬಿಟ್ಟುಕೊಟ್ಟ ಮನೆಗಳು ನಮ್ಮಲ್ಲಿ ಬಹಳ. ಬೇಸಿಗೆ ಬಂದರೆ ಹಸುವಿನ ಮುಂದೆ ಹಸಿರಿರುತ್ತದೆ, ಮನೆಯವರ ತಟ್ಟೆಯಲ್ಲಿ ಇರುವುದಿಲ್ಲ. ಹಾಲು ಒಳ್ಳೆಯ ಆಹಾರ. ಆದರೆ ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಸಿ ಜೀವಸತ್ವವೂ ಅಷ್ಟಕ್ಕಷ್ಟೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಒಂದು ತಟ್ಟೆ ಎಳೆಸೊಪ್ಪು ಇದನ್ನು ವಾಸಿ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಲೂಬೇಡಿ. ಆದರೆ ಸೊಪ್ಪೇ ಸಿಗದ ತಿಂಗಳುಗಳಲ್ಲಿ ಜಗುಲಿಯ ಮೇಲೆ ಎಂಟು ದಿನಕ್ಕೊಮ್ಮೆ ಕೊಯ್ಲಿಗೆ ಬರುವ ಸೊಪ್ಪು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ 2012ರಲ್ಲಿ 25 ಬಗೆಯ ಎಳೆಸೊಪ್ಪುಗಳನ್ನು ಪರೀಕ್ಷಿಸಿದಾಗ, ಹಲವು ಜೀವಸತ್ವಗಳು ಬಲಿತ ಎಲೆಗಿಂತ ನಾಲ್ಕು ಪಟ್ಟಿನಿಂದ ನಲವತ್ತು ಪಟ್ಟು ಹೆಚ್ಚು ಕಂಡುಬಂದವು. ಈ ನಲವತ್ತು ಪಟ್ಟಿನ ಮಾತನ್ನೇ ಹಿಡಿದು ಕೆಲವರು ಊರೆಲ್ಲ ಸಾರುತ್ತಾರೆ. ಅದು ಗ್ರಾಂ ಲೆಕ್ಕದ ಹೋಲಿಕೆ ಎಂಬುದನ್ನು ಮರೆಯಬಾರದು. ಬಲಿತ ಸೊಪ್ಪನ್ನು ನಾವು ಒಂದು ಕಟ್ಟು ಬೇಯಿಸಿ ತಿನ್ನುತ್ತೇವೆ, ಇದನ್ನು ತಿನ್ನುವುದು ಒಂದು ಹಿಡಿ.

ಬೀಜ ತನ್ನ ಬುತ್ತಿ ತಾನೇ ತಂದಿರುತ್ತದೆ

ಎಳೆಸೊಪ್ಪಿಗೆ ಮಣ್ಣೇ ಬೇಕೆಂದಿಲ್ಲ. ತೆಂಗಿನ ನಾರಿನ ಪುಡಿ, ಮರಳು, ಬಟ್ಟೆ, ಗೋಣಿ, ಕಾಗದ, ಯಾವುದರ ಮೇಲಾದರೂ ಬರುತ್ತದೆ. ಇದನ್ನು ಪುಸ್ತಕದಲ್ಲಿ ಬೆಳೆಯುವ ಮಾಧ್ಯಮ ಎನ್ನುತ್ತಾರೆ, ನಾವು ಹಾಸು ಎನ್ನೋಣ. ಯಾವ ಹಾಸು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಹಾಸಿನ ಕೆಲಸ ಏನೆಂದು ಮೊದಲು ತಿಳಿಯಬೇಕು.

ಮೆಂತ್ಯದ ಕಾಳನ್ನೋ ಹೆಸರುಕಾಳನ್ನೋ ಹಲ್ಲಿನಲ್ಲಿ ಕಚ್ಚಿ ನೋಡಿ. ಒಳಗೆ ದಪ್ಪನೆಯ ಎರಡು ಬೇಳೆ ಇರುತ್ತವೆ. ಮರಿಗಿಡ ಮೊದಲ ಎಂಟು ಹತ್ತು ದಿನ ಬದುಕುವುದು ಆ ಬೇಳೆಯ ಸಂಗ್ರಹದ ಮೇಲೆ, ಆಮೇಲೆ ಬೆಳಕು ಸಿಕ್ಕಂತೆ ಎಲೆಯೂ ಕೈ ಜೋಡಿಸುತ್ತದೆ. ನಾವು ಕತ್ತರಿಸುವುದು ಈ ಬುತ್ತಿ ಮುಗಿಯುವ ಹೊತ್ತಿಗೆ. ಹಾಗಾಗಿ ಹಾಸು ಗಿಡಕ್ಕೆ ಊಟ ಹಾಕಬೇಕಿಲ್ಲ. ಬೇರಿಗೆ ಹಿಡಿತ, ನೀರು, ಗಾಳಿ, ಈ ಮೂರು ಕೊಟ್ಟರೆ ಸಾಕು. ನೀರು ಕಡಿಮೆಯಾದರೆ ಬೇರು ಒಣಗುತ್ತದೆ, ನೀರೇ ತುಂಬಿ ಗಾಳಿ ಇಲ್ಲವಾದರೆ ಬುಡ ಕೊಳೆಯುತ್ತದೆ. ಗೊಬ್ಬರಕ್ಕೆ ಇಲ್ಲಿ ಕೆಲಸವೇ ಇಲ್ಲ.

ಈ ಮಾತನ್ನು ಹೈನುಗಾರರ ಮನೆಯಲ್ಲಿ ಎರಡು ಸಲ ಹೇಳಬೇಕು. ಹಿತ್ತಲಲ್ಲಿ ತಿಪ್ಪೆ ಇದೆ, ಗೋಬರ್ ಗ್ಯಾಸಿನ ಬಗ್ಗಡ ಇದೆ, ಯಾವ ಗಿಡ ನೆಟ್ಟರೂ ಒಂದು ಬೊಗಸೆ ಸಗಣಿ ಹಾಕಿ ರೂಢಿ. ಎಳೆಸೊಪ್ಪಿನ ತಟ್ಟೆಗೆ ಸಗಣಿ, ಗಂಜಲ, ಬಗ್ಗಡ, ಜೀವಾಮೃತ ಯಾವುದನ್ನೂ ಹಾಕಬೇಡಿ. ಗಟ್ಟಿಮುಟ್ಟಾದ ಹಸುವಿನ ಕರುಳಿನಲ್ಲೂ ಮನುಷ್ಯರಿಗೆ ಕಾಯಿಲೆ ತರುವ ಇ-ಕೋಲಿ ಜಾತಿಯ ಅಣುಜೀವಿಗಳು ಇರಬಹುದು, ಹಸುವಿಗೆ ಅದರಿಂದ ಏನೂ ಆಗುವುದಿಲ್ಲ. ಹೊಲದ ಬೆಳೆಗೆ ಹಾಕಿದ ಸಗಣಿ ಬಿಸಿಲು ಮಳೆ ಕಂಡು ತಿಂಗಳುಗಳೇ ಕಳೆದಿರುತ್ತವೆ, ಆ ಬೆಳೆಯನ್ನು ನಾವು ಬೇಯಿಸಿಯೂ ತಿನ್ನುತ್ತೇವೆ. ತಟ್ಟೆಯ ಸೊಪ್ಪು ಎಂಟೇ ದಿನದ್ದು, ಹಾಸಿನಿಂದ ಎರಡು ಬೆರಳು ಮೇಲೆ ಕತ್ತರಿಸಿದ್ದು, ಹೆಚ್ಚಾಗಿ ಹಸಿಯಾಗಿ ತಿನ್ನುವಂಥದ್ದು. 2011ರಲ್ಲಿ ಜರ್ಮನಿಯಲ್ಲಿ ಮೊಳಕೆ ಕಾಳಿನಿಂದ ಹರಡಿದ ಇಂಥದೇ ಒಂದು ಇ-ಕೋಲಿ ಸೋಂಕಿನಿಂದ 50ಕ್ಕೂ ಹೆಚ್ಚು ಜನ ಸತ್ತರು. ತನಿಖೆಯ ಜಾಡು ಹೋಗಿ ನಿಂತದ್ದು ಮೆಂತ್ಯದ ಬೀಜದ ಹತ್ತಿರ. ಎಳೆಸೊಪ್ಪಿನಲ್ಲಿ ಬೇರನ್ನೂ ಕಾಳನ್ನೂ ತಿನ್ನದಿರುವುದರಿಂದ ಅಪಾಯ ಮೊಳಕೆ ಕಾಳಿಗಿಂತ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ.

ಎರೆಗೊಬ್ಬರ ಪರವಾಗಿಲ್ಲವೇ ಎಂದರೆ, ಬೇಕಾಗಿಲ್ಲ ಎಂಬುದೇ ನನ್ನ ಉತ್ತರ. ಇಲ್ಲದೆಯೂ ಚೆನ್ನಾಗಿ ಬರುವ ಬೆಳೆಗೆ ಅನುಮಾನದ ವಸ್ತು ಯಾಕೆ? ಇನ್ನೊಂದು ಮಾತು, ಹಾಲು ಕರೆದ ಕೈ, ಸಗಣಿ ಬಾಚಿದ ಕೈ ಸೋಪು ಹಾಕಿ ತೊಳೆಯದೆ ತಟ್ಟೆ ಮುಟ್ಟಬಾರದು. ಕೆಚ್ಚಲು ತೊಳೆಯುವ, ಕ್ಯಾನ್ ತೊಳೆಯುವ ಶಿಸ್ತು ನಿಮಗೆ ಹೊಸದಲ್ಲ. ತಟ್ಟೆಗೂ ಅದೇ ಶಿಸ್ತು ಇರಲಿ. ನೀರು ಮನೆಯವರು ಕುಡಿಯುವ ನೀರೇ ಆಗಬೇಕು, ದನದ ತೊಟ್ಟಿಯದಲ್ಲ.

ಮೂರು ತಟ್ಟೆಯ ಪರೀಕ್ಷೆ

ಹಾಸುಗಳ ಗುಣ ಓದಿ ತಿಳಿಯುವುದಕ್ಕಿಂತ ಮಾಡಿ ನೋಡುವುದು ಮೇಲು. ಸುಮಾರು ಒಂದು ಅಡಿ ಉದ್ದ, ಒಂದು ಅಡಿ ಅಗಲದ ಮೂರು ತಟ್ಟೆ ತೆಗೆದುಕೊಳ್ಳಿ. ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಬುಟ್ಟಿಯಾದೀತು, ಬಿದಿರಿನ ಹಳೆಯ ಮೊರವೂ ಆದೀತು. ಔಷಧಿ ಕ್ಯಾನ್ ಕೊಯ್ದು ಮಾಡಿದ ತಟ್ಟೆ ಮಾತ್ರ ಬೇಡ. ಬೀಜಕ್ಕೆ ಕಿರಾಣಿ ಅಂಗಡಿಯ ಮೆಂತ್ಯ ಸಾಕು. ಒಂದೊಂದು ತಟ್ಟೆಗೆ 30 ಗ್ರಾಂನಂತೆ ತೂಗಿ, ಎರಡು ಮೂರು ನೀರಿನಲ್ಲಿ ತೊಳೆದು, ರಾತ್ರಿ ನೆನೆಹಾಕಿ, ಬೆಳಗ್ಗೆ ಬಸಿಯಿರಿ.

ಮೊದಲ ತಟ್ಟೆಗೆ ಜರಡಿ ಹಿಡಿದ ಕೆಮ್ಮಣ್ಣು ಎರಡು ಪಾಲು, ತೊಳೆದ ಮರಳು ಒಂದು ಪಾಲು. ಮಣ್ಣನ್ನು ದನ ಕಟ್ಟುವ ಕಡೆಯಿಂದ, ಗೊಬ್ಬರ ಹಾಕಿದ ಹೊಲದಿಂದ ತರಬೇಡಿ. ಎರಡನೆಯದಕ್ಕೆ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್. ಇವೆರಡನ್ನೂ ಒಂದೂವರೆ ಅಂಗುಲ ದಪ್ಪಕ್ಕೆ ಹರಡಿ, ಅಂಗೈಯಿಂದ ಮೆಲ್ಲಗೆ ಸಮ ಮಾಡಿ. ಒತ್ತಿ ಗಟ್ಟಿ ಮಾಡಬಾರದು. ಮೂರನೆಯದಕ್ಕೆ ಹಳೆಯ ಹತ್ತಿ ಪಂಚೆಯನ್ನು ಕುದಿಯುವ ನೀರಲ್ಲಿ ಅದ್ದಿ ತೆಗೆದು, ನಾಲ್ಕು ಪದರ ಮಡಿಸಿ ಹಾಸಿ. ಮೂರಕ್ಕೂ ಬೀಜವನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ನೆರಳಲ್ಲಿಡಿ. ಮೇಲೆ ಮಣ್ಣು ಮುಚ್ಚಬೇಕಾಗಿಲ್ಲ.

ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಒಮ್ಮೆ, ಸಂಜೆ ಹಾಕಿ ಬಂದ ಮೇಲೆ ಒಮ್ಮೆ ತೆರೆದು ನೋಡಿ. ಮೂರನೆಯ ದಿನದ ಹೊತ್ತಿಗೆ ಮೂರರಲ್ಲೂ ಮೊಳಕೆ ಕಾಣುತ್ತದೆ, ಯಾವುದೂ ಹಿಂದೆ ಬೀಳುವುದಿಲ್ಲ. ಮುಚ್ಚಳ ತೆಗೆದು ಎಳೆ ಬೆಳಕಿಗೆ ಇಟ್ಟ ಮೇಲೆ ವ್ಯತ್ಯಾಸ ಶುರುವಾಗುತ್ತದೆ. ಬಟ್ಟೆಯ ತಟ್ಟೆ ಮಧ್ಯಾಹ್ನದೊಳಗೆ ಅಂಚಿನಲ್ಲಿ ಒಣಗಿರುತ್ತದೆ, ಅದಕ್ಕೆ ದಿನಕ್ಕೆ ಮೂರು ನಾಲ್ಕು ಸಲ ನೀರು ಬೇಕು. ಮಣ್ಣಿನದಕ್ಕೆ ಎರಡು ಸಲ. ನಾರಿನ ಪುಡಿಗೆ ಒಂದೇ ಸಲ ಸಾಕು, ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬಂದ ಮೇಲೆ ನೀರನ್ನು ಮೇಲಿಂದ ಸುರಿಯಬೇಡಿ. ತೂತಿನ ತಟ್ಟೆಯನ್ನು ಒಂದು ಅಂಗುಲ ನೀರಿರುವ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ ಹಾಸು ಕೆಳಗಿನಿಂದ ತಾನೇ ಹೀರಿಕೊಳ್ಳುತ್ತದೆ, ಎಲೆ ಒಣಗಿಯೇ ಇರುತ್ತದೆ, ಕೊಳೆ ಹತ್ತುವುದಿಲ್ಲ. ಮೊರಕ್ಕಾದರೆ ಬಟ್ಟೆಯ ಒಂದು ಅಂಚನ್ನು ನೀರಿನ ಚೊಂಬಿಗೆ ಇಳಿಬಿಟ್ಟರೂ ನಡೆಯುತ್ತದೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ.

ಎಂಟು ಹತ್ತನೆಯ ದಿನ ಮೂರೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತಿರುತ್ತವೆ. ಮೂರರಲ್ಲೂ ಮುಕ್ಕಾಲು ಭಾಗ ಕತ್ತರಿಸಿ, ಕಾಲು ಭಾಗವನ್ನು ಹಾಗೇ ಬಿಡಿ. ಇನ್ನೊಂದು ವಾರ ನೋಡಿ. ಬಟ್ಟೆಯ ಮೇಲಿನದು ಹಳದಿಗೆ ತಿರುಗಿ ಸೊರಗುತ್ತದೆ, ನಾರಿನ ಪುಡಿಯದೂ ಮಂಕಾಗುತ್ತದೆ, ಮಣ್ಣಿನದು ಮಾತ್ರ ಮುಂದೆ ಬೆಳೆಯುತ್ತದೆ. ಬುತ್ತಿ ಎಲ್ಲಿ ಮುಗಿಯಿತು ಎಂಬುದನ್ನು ಮಕ್ಕಳಿಗೂ ತೋರಿಸಬಹುದು.

ನಿಮ್ಮ ಊರಿಗೆ ಯಾವುದು?

ಹಾಸನ್ನು ಆರಿಸಬೇಕಾದ್ದು ನಿಮ್ಮ ಊರಿನ ಹವೆ ನೋಡಿ. ಕಲಬುರಗಿ, ರಾಯಚೂರು, ಚಿತ್ರದುರ್ಗದ ಕಡೆಯ ಒಣ ಬೇಸಿಗೆಗೆ ನಾರಿನ ಪುಡಿಯೇ ಸರಿ, ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ತಟ್ಟೆ ಒಣಗುವುದಿಲ್ಲ. ಅದೇ ಪುಡಿ ಮಲೆನಾಡಿನ ಆಷಾಢದಲ್ಲಿ ಶತ್ರು. ಹೊರಗೂ ತೇವ, ಒಳಗೂ ತೇವ, ನಾಲ್ಕು ದಿನಕ್ಕೆ ಬುಡ ಕೊಳೆತು ಸಸಿ ಮಲಗುತ್ತದೆ. ಅಲ್ಲಿ ಮಳೆಗಾಲಕ್ಕೆ ಬಟ್ಟೆ ಅಥವಾ ತೊಳೆದ ದಪ್ಪ ಮರಳು ವಾಸಿ, ಬೀಜವನ್ನೂ ಮಾಮೂಲಿಗಿಂತ ಕಾಲು ಭಾಗ ಕಡಿಮೆ ಹಾಕಿ ಗಾಳಿಗೆ ಜಾಗ ಬಿಡಬೇಕು. ಎಂ-ಸ್ಯಾಂಡ್ ತೊಳೆಯದೆ ಹಾಕಿದರೆ ಅದರ ನುಣ್ಣನೆಯ ದೂಳು ಗಾರೆಯಂತೆ ಕೂರುತ್ತದೆ.

ನಾರಿನ ಪುಡಿಯ ಬಗ್ಗೆ ಒಂದು ಎಚ್ಚರ. ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಸೀಮೆಯಲ್ಲಿ ಇದು ದೂರದ ವಸ್ತುವಲ್ಲ. ಆದರೆ ನಾರು ಬಿಡಿಸುವ ಕಡೆ ಗುಡ್ಡೆ ಬಿದ್ದ ಹಸಿ ಪುಡಿಯನ್ನು ತಂದು ನೇರ ಹಾಕಿದರೆ ಬೀಜ ಹುಟ್ಟುವುದು ಕಷ್ಟ. ಅದರಲ್ಲಿ ಒಗರಿನ ಕಂದು ರಸವೂ ಉಪ್ಪೂ ಇರುತ್ತವೆ. ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡಿ, ಬಸಿದ ನೀರಿನ ಬಣ್ಣ ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಅಂಗಡಿಯ ಒತ್ತಿದ ಇಟ್ಟಿಗೆಯನ್ನೂ ಒಮ್ಮೆ ತೊಳೆದರೆ ನಷ್ಟವಿಲ್ಲ. ಬಿತ್ತುವ ಮೊದಲು ಒಂದು ಹಿಡಿ ಬಿಗಿಯಾಗಿ ಹಿಂಡಿ ನೋಡಿ. ಎರಡು ಮೂರು ಹನಿ ಜಿನುಗಿದರೆ ಹದ, ಧಾರೆ ಸುರಿದರೆ ನೀರು ಹೆಚ್ಚು.

ಗೋಣಿಯೂ ಒಳ್ಳೆಯ ಹಾಸೇ, ಬೇರು ಅದರೊಳಗೆ ನೇಯ್ದುಕೊಳ್ಳುತ್ತದೆ. ಆದರೆ ಹೊಸ ಗೋಣಿಗೆ ಸೀಮೆಎಣ್ಣೆಯಂಥ ವಾಸನೆ ಇರುವುದನ್ನು ನೀವು ಗಮನಿಸಿರಬಹುದು. ಸೆಣಬನ್ನು ಮೆದು ಮಾಡಲು ಹಾಕುವ ಎಣ್ಣೆ ಅದು. ಆ ವಾಸನೆ ಇರುವ ಗೋಣಿ ಬೇಡ. ಹಳೆಯದಾದರೆ ಕುದಿಸಿ, ಬಿಸಿಲಿಗೆ ಹಾಕಿ ಬಳಸಿ. ಪಶು ಆಹಾರದ ಚೀಲ ಪ್ಲಾಸ್ಟಿಕ್ಕಿನದು, ಅದು ನೀರು ಹಿಡಿಯುವುದಿಲ್ಲ. ಕಾಗದದ ಟಿಶ್ಯೂ ಸಾಸಿವೆಯಂಥ ಚಿಕ್ಕ ಬೀಜಕ್ಕೆ ಸಾಕು. ಸುದ್ದಿಪತ್ರಿಕೆ ಹಾಸಬೇಡಿ, ಅದರ ಮಸಿ ತಿನ್ನುವ ಪದಾರ್ಥಕ್ಕೆ ತಾಗಬಾರದು.

ಬೀಜಕ್ಕೂ ಹಾಸಿಗೂ ಒಂದು ಹೊಂದಾಣಿಕೆ ಇದೆ. ಕಾಮಕಸ್ತೂರಿ, ಅಗಸೆ, ಬಾಣಂತಿಯರಿಗೆ ಪಾಯಸ ಮಾಡಿಕೊಡುವ ಅಳವಿ, ಇವು ನೀರು ತಾಗಿದೊಡನೆ ಲೋಳೆ ಕಟ್ಟುತ್ತವೆ. ಇವನ್ನು ನೆನೆಹಾಕಬಾರದು, ಒದ್ದೆ ಬಟ್ಟೆಯ ಮೇಲೆ ಒಣ ಬೀಜವನ್ನೇ ಉದುರಿಸಿದರೆ ಅಂಟಿಕೊಂಡು ಹುಟ್ಟುತ್ತವೆ. ಸೂರ್ಯಕಾಂತಿಗೆ ಆಳವಾದ ಹಾಸು, ಮೇಲೆ ತೂಕವೂ ಬೇಕು. ಎಂಟು ಗಂಟೆ ನೆನೆಸಿ ನಾರಿನ ಪುಡಿಯ ಮೇಲೆ ಹರಡಿ, ಮುಚ್ಚಿದ ತಟ್ಟೆಯ ಮೇಲೆ ಒಂದು ಇಟ್ಟಿಗೆ ಇಟ್ಟರೆ ಎರಡು ಮೂರು ದಿನದಲ್ಲಿ ಮೊಳಕೆ ಆ ತಟ್ಟೆಯನ್ನೇ ಎತ್ತುತ್ತದೆ, ಸಿಪ್ಪೆಯೂ ಸುಲಭವಾಗಿ ಕಳಚುತ್ತದೆ. ಹರಿವೆಗೆ ತಟ್ಟೆಗೆ ಒಂದು ಚಮಚ ಬೀಜ ಸಾಕು, ಹತ್ತು ಹನ್ನೆರಡು ದಿನ ಕಾಯಬೇಕು. ಕೊತ್ತಂಬರಿಯನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡುವ ಹಳೆಯ ಪದ್ಧತಿ ಸರಿಯೇ, ಚಪ್ಪಲಿಯ ಬದಲು ಲಟ್ಟಣಿಗೆ ಇರಲಿ. ಅದು ಎರಡು ವಾರಕ್ಕೂ ಮೇಲೆ ತೆಗೆದುಕೊಳ್ಳುತ್ತದೆ, ಮೊದಲ ಸಲ ಮಾಡುವವರಿಗೆ ಬೇಡ. ಮೂಲಂಗಿ ಎಲ್ಲಕ್ಕಿಂತ ಚುರುಕು, ವಾರದೊಳಗೆ ತಿನ್ನಬಹುದು.

ಹಾಕಲೇಬಾರದ ಬೀಜಗಳೂ ಇವೆ. ಎಳೆಯ ಜೋಳದ ಪೈರು ಮೇಯ್ದ ಹಸು ಹೊಟ್ಟೆ ಉಬ್ಬಿ, ಉಸಿರು ಕಟ್ಟಿ ಬೀಳುವುದನ್ನು ಕಂಡವರು ನಮ್ಮಲ್ಲಿದ್ದಾರೆ. ಆ ಪೈರಿನಲ್ಲಿರುವ ಸಯನೈಡ್ ವಿಷ ಜೋಳದ ಎಳೆ ಮೊಳಕೆಯಲ್ಲೂ ಇರುತ್ತದೆ. ಮನುಷ್ಯರಿಗೂ ಬೇಡ, ದನಕ್ಕೂ ಬೇಡ. ಅವರೆ, ರಾಜ್ಮಾ ಹಸಿಯಾಗಿ ತಿನ್ನುವಂಥವಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಯ ಎಳೆ ಸಸಿಯನ್ನೂ ತಿನ್ನಬಾರದು. ಬಿತ್ತನೆಗೆಂದು ತಂದ ಕೆಂಪು, ನೀಲಿ, ಹಸಿರು ಬಣ್ಣ ಬಳಿದ ಬೀಜಕ್ಕೆ ಶಿಲೀಂಧ್ರನಾಶಕ ಹಾಕಿರುತ್ತಾರೆ, ಎಷ್ಟು ತೊಳೆದರೂ ಅದು ತಟ್ಟೆಗೆ ಬರಕೂಡದು.

ಮೂರನೆಯ ದಿನ ಬೇರಿನ ಸುತ್ತ ಬಿಳಿ ನೂಲು ಕಂಡು ಬೂಷ್ಟು ಬಂತೆಂದು ತಟ್ಟೆ ಬಿಸಾಡುವವರಿದ್ದಾರೆ. ಬೇರಿನ ರೋಮವೂ ಹಾಗೇ ಕಾಣುತ್ತದೆ. ನೀರು ಚಿಮುಕಿಸಿ ನೋಡಿ, ರೋಮವಾದರೆ ಬೇರಿಗಂಟಿ ಮಾಯವಾಗುತ್ತದೆ. ಬೂಷ್ಟು ಹೋಗುವುದಿಲ್ಲ, ಒಂದು ಬೀಜದಿಂದ ಇನ್ನೊಂದಕ್ಕೆ ಜೇಡನ ಬಲೆಯಂತೆ ಹಬ್ಬಿರುತ್ತದೆ, ಮುಗ್ಗಲು ವಾಸನೆಯೂ ಇರುತ್ತದೆ.

ಕೊಯ್ದದ್ದನ್ನು ತೊಳೆದು ಅಂದೇ ತಿನ್ನಿ. ಹೆಸರುಬೇಳೆ ಕೋಸಂಬರಿಗೆ ಸೇರಿಸಿ ನಿಂಬೆಹಣ್ಣು ಹಿಂಡಿ. ಮೆಂತ್ಯವಾದರೆ ಅಕ್ಕಿ ರೊಟ್ಟಿಯ ಹಿಟ್ಟಿಗೂ ಆಗುತ್ತದೆ. ಮೊಸರುಬಜ್ಜಿಯೂ ರುಚಿ, ಆದರೆ ಹಾಲು ಮೊಸರಿನ ಸುಣ್ಣದಂಶ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆಯ ಹುಳಿ ಹತ್ತಿಸುತ್ತದೆ. ಹಾಲಿನ ಪತ್ರಿಕೆಯಲ್ಲಿ ಹೀಗೆ ಬರೆಯಬಹುದೇ ಎನ್ನಬೇಡಿ, ಹಾಲನ್ನು ಎರಡು ಗಂಟೆ ಬಿಟ್ಟು ಕುಡಿದರಾಯಿತು. ಬಸುರಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ, ಕಾಯಿಲೆಯವರಿಗೆ ಬೇಯಿಸಿಯೇ ಕೊಡಿ.

ಇದನ್ನೇ ಹಸುವಿಗೆ ಮಾಡಿದರೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಟ್ರೇಯಲ್ಲಿ ಮೆಕ್ಕೆಜೋಳದ ಮೊಳಕೆ ಮೇವು ಬೆಳೆಯುವ ವಿಧಾನವೂ ಇದರ ಅಣ್ಣನೇ. ಅಲ್ಲಿ ಹಾಸೇ ಬೇಡ, ಒತ್ತಾಗಿ ಹೆಣೆದುಕೊಂಡ ಬೇರೇ ಹಾಸು. ಗೋವಾದ ಐಸಿಎಆರ್ ಸಂಶೋಧನಾ ಕೇಂದ್ರದ ಪ್ರಯೋಗಗಳಲ್ಲಿ ಒಂದು ಕೆಜಿ ಮೆಕ್ಕೆಜೋಳದಿಂದ ಏಳೆಂಟು ದಿನದಲ್ಲಿ ಐದಾರು ಕೆಜಿ ಹಸಿ ಮೇವು ಬಂದಿದೆ. ಒಂದಕ್ಕೆ ಆರು ಎಂದೊಡನೆ ಸಾಲ ಮಾಡಿ ಯಂತ್ರ ಕೊಳ್ಳಲು ಹೊರಡುವ ಮುನ್ನ ಬುತ್ತಿಯ ಮಾತನ್ನು ಇಲ್ಲಿಗೂ ಹಾಕಿ ನೋಡಿ.

ಒಂದು ಕೆಜಿ ಒಣ ಮೆಕ್ಕೆಜೋಳದಲ್ಲಿ ನೀರು ಬಿಟ್ಟರೆ ಸುಮಾರು 880 ಗ್ರಾಂ ಒಣ ಪದಾರ್ಥ ಇರುತ್ತದೆ. ಐದೂವರೆ ಕೆಜಿ ಮೊಳಕೆ ಮೇವಿನಲ್ಲಿ ನೂರಕ್ಕೆ 13ರಂತೆ ಹಿಡಿದರೂ ಒಣ ಪದಾರ್ಥ 715 ಗ್ರಾಂ. ಮರಿಗಿಡ ಉಸಿರಾಡಿ ಉಳಿದದ್ದನ್ನು ಖರ್ಚು ಮಾಡಿರುತ್ತದೆ. ಹೆಚ್ಚಿದ ತೂಕವೆಲ್ಲ ನೀರು. 400 ಕೆಜಿ ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 12 ಕೆಜಿ ಒಣ ಪದಾರ್ಥ ಬೇಕು. ಬರೀ ಟ್ರೇ ಮೇವಿನಿಂದ ತುಂಬಿಸುವುದಾದರೆ ದಿನಕ್ಕೆ 90 ಕೆಜಿ ಮೇವು, ಅದಕ್ಕೆ 16–17 ಕೆಜಿ ಕಾಳು! ಕಾಳನ್ನೇ ನುಚ್ಚು ಮಾಡಿ ಕೊಟ್ಟರೆ ಶಕ್ತಿ ಇನ್ನೂ ಹೆಚ್ಚು ಸಿಗುತ್ತದೆ. ಹಾಗೆಂದು ವಿಧಾನವೇ ವ್ಯರ್ಥವಲ್ಲ. ಜಮೀನಿಲ್ಲದೆ ಒಂದೆರಡು ಹಸು ಕಟ್ಟಿದವರು, ಬೇಸಿಗೆಯಲ್ಲಿ ಬರೀ ಒಣ ಹುಲ್ಲಿನ ಮೇಲಿರುವ ಗಬ್ಬದ ಹಸುವಿಗೆ ದಿನಕ್ಕೆ ಐದಾರು ಕೆಜಿ ಹಸಿರು ಕೊಡಲು ಮನೆಯ ಟ್ರೇಗಳಲ್ಲೇ ಬೆಳೆಯಬಹುದು. ಒಣ ಹುಲ್ಲಿನಲ್ಲಿ ಸಿಗದ ಜೀವಸತ್ವ ಇದರಲ್ಲಿ ಸಿಗುತ್ತದೆ. ಎರಡು ಗುಂಟೆ ನೀರಾವರಿ ಇದ್ದವರಿಗೆ ನೇಪಿಯರ್ ಹುಲ್ಲೇ ಅಗ್ಗ.

ಬೂಷ್ಟು ಹಿಡಿದ ಟ್ರೇಯನ್ನು, ಎಳೆಸೊಪ್ಪಿನದಾಗಲಿ ಮೇವಿನದಾಗಲಿ, ಹಾಳಾಗುತ್ತದಲ್ಲ ಎಂದು ಹಸುವಿನ ಮುಂದೆ ಸುರಿಯಬೇಡಿ. ಕೆಲವು ಬೂಷ್ಟುಗಳ ಅಫ್ಲಟಾಕ್ಸಿನ್ ವಿಷ ಹಸುವಿನ ಹೊಟ್ಟೆಯಿಂದ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಕೆಜಿ ಹಾಲಿಗೆ 0.5 ಮೈಕ್ರೋಗ್ರಾಂ ದಾಟಬಾರದೆಂದು ಆಹಾರ ಸುರಕ್ಷತೆಯ ಕಾನೂನೇ ಇದೆ. ಸೊಪ್ಪು ಕತ್ತರಿಸಿ ಉಳಿದ ಬುಡದ ಚಾಪೆಯಲ್ಲೂ ಬಟ್ಟೆಯ ಮೇಲಿನದು, ಬೂಷ್ಟಿಲ್ಲದ್ದು, ಅಂದಿನದು ಮಾತ್ರ ದನಕ್ಕೆ. ನಾರಿನ ಪುಡಿ, ಮಣ್ಣು ಅಂಟಿದ್ದು ತಿಪ್ಪೆಗೆ. ತಟ್ಟೆಯನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಉಜ್ಜಿ, ಒಂದು ದಿನ ಬಿಸಿಲಿಗಿಟ್ಟು, ಮಾರನೆಯ ದಿನ ಮತ್ತೆ ಬಿತ್ತಿ.